ಏಳೂವರೆ ಇಂಚು

ಭಾನುವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕುಂದಾಪುರದ ಒಂದು ಸಭಾಭವನದಲ್ಲಿ, ಮೋಕ್ಷಿತಾಳ ಚಿತ್ರದ ಬಲತುದಿಯ ಏಳೂವರೆ ಇಂಚು ಮರೆಯಾಗುವಂತೆ ಒಂದು ಫ್ಲೆಕ್ಸ್ ಸ್ಟ್ಯಾಂಡ್ ತಂದು ನಿಲ್ಲಿಸಲಾಯಿತು. ಸ್ಟ್ಯಾಂಡಿನ ಮೇಲೆ ಸೀರೆಯುಟ್ಟ ಹುಡುಗಿಯೊಬ್ಬಳು ಕೈಮುಗಿದು ನಗುತ್ತಿದ್ದಳು. ಅವಳ ಕಾಲ ಕೆಳಗೆ 'ಪಶ್ಚಿಮ ವಿಲಾಸ ಬೀಚ್ ರೆಸಾರ್ಟ್, ನಡುಗರೆ' ಎಂದು ಬರೆದಿತ್ತು.

ನಿಲ್ಲಿಸಿದ್ದು ಮೋಕ್ಷಿತಾಳ ಒಪ್ಪಿಗೆ ಪಡೆದೇ. ಎಂಟು ಮುಕ್ಕಾಲಿಗೆ ರವಿಶಂಕರ್ ಸರ್ ಫೋನು ಮಾಡಿದ್ದರು. "ಕಾಣ್ ಮೋಕ್ಷಿತಾ, ಉದ್ಘಾಟನೆ ಮಾಡುವವರು ರೆಸಾರ್ಟಿನ ಶಾಮರಾಯರು. ಸಭಾಭವನದ ಖರ್ಚೂ ಅವರದ್ದೇ. ಅವರು ಬಂದು ದೀಪ ಹಚ್ಚಿ ಹೋಗುವ ತನಕ ಆ ತುದಿ ಸ್ವಲ್ಪ ಮರೆ ಆದ್ರೆ ಸಾಕ್. ಒಂದ್ ಗಂಟೆ ಮಟ್ಟಿಗೆ." ಮೋಕ್ಷಿತಾ ಆಗ ಬ್ರಹ್ಮಾವರದಿಂದ ಬರುವ ಬಸ್ಸಿನಲ್ಲಿ ನಿಂತಿದ್ದಳು. "ಒಂದೇ ಗಂಟೆ ಅಲ್ದಾ ಸರ್?" ಎಂದಳು. "ಒಂದೇ ಗಂಟೆ ಮಾರಾಯ್ತಿ," ಎಂದರು ಅವರು. "ಆಯ್ತ್ ಸರ್," ಎಂದಳು.

ಫೋನು ಇಟ್ಟ ಮೇಲೆ ತಲ್ಲೂರಿನ ಕಡೆ ಹೋಗುವ ಹೆಂಗಸೊಬ್ಬಳು ಕೂರಲು ಜಾಗ ಕೊಟ್ಟರೂ ಅವಳು ಕೂರಲಿಲ್ಲ. 'ಮಟ್ಟಿಗೆ' ಎಂಬ ಆ ಮಾತನ್ನು ಹಿಂದೆಲ್ಲೋ ಕೇಳಿದ್ದೇನೆ ಅನಿಸುತ್ತಿತ್ತು. ಎಲ್ಲಿ ಎಂದು ನೆನಪಿಸಿಕೊಳ್ಳಲು ಮನಸ್ಸು ಬರಲಿಲ್ಲ.

ಮೋಕ್ಷಿತಾಗೆ ಇಪ್ಪತ್ತೊಂಬತ್ತು ವರ್ಷ. ಬ್ರಹ್ಮಾವರದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಚಿತ್ರಕಲೆ ಕಲಿಸುತ್ತಾ ಅಲ್ಲೇ ಬಾಡಿಗೆ ಕೋಣೆಯಲ್ಲಿರುತ್ತಾಳೆ. ಊರು ನಡುಗರೆ. ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ ಇಳಿದು ಪಡುವಣಕ್ಕೆ ಎರಡು ಕಿಲೋಮೀಟರು ನಡೆಯಬೇಕು. ತಾಯಿ ಜಲಜ ಅಲ್ಲಿ ಮೀನು ಒಣಗಿಸುತ್ತಾಳೆ. ಅಣ್ಣ ಸುಧೀರ್ ಹಂಗಾರಕಟ್ಟೆಯಲ್ಲಿ ಬೋಟು ಕಟ್ಟುವ ಕೆಲಸಕ್ಕೆ ಹೋಗುತ್ತಾನೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯನ್ನು ಅವಳಿಗೆ ತಂದುಕೊಟ್ಟವನು ಅವನೇ. ನೀರಿಗೆ ಬಿದ್ದರೂ ಪದರ ಬಿಡದ ಜಾತಿಯ ಹಲಗೆ ಅದು.

ರವಿಶಂಕರ್ ಸರ್ ಸಾಲಿಗ್ರಾಮದವರು. ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದವರು, ಅವಳ ಮೊದಲ ಬಣ್ಣದ ಪೆಟ್ಟಿಗೆ ಕೊಡಿಸಿದವರು. ನಿವೃತ್ತರಾದ ಮೇಲೆ 'ಅಲೆಗೆರೆ ಕಲಾ ಬಳಗ' ಎಂದು ಕಟ್ಟಿಕೊಂಡು ವರ್ಷಕ್ಕೊಂದು ಪ್ರದರ್ಶನ ಮಾಡುತ್ತಿದ್ದರು. ಈ ವರ್ಷದ ವಿಷಯ 'ವೈದೃಶ್ಯ ಮತ್ತು ಸಮತೋಲ: ಸಮಾಜದ ಪ್ರತಿಬಿಂಬ'. ಹತ್ತೊಂಬತ್ತು ಚಿತ್ರಗಳು ಬಂದಿದ್ದವು. ಅರ್ಧ ಸೂರ್ಯ ಅರ್ಧ ಚಂದ್ರ ಎರಡಿದ್ದವು. ಬಳೆ ತೊಟ್ಟ ಕೈ, ಬರಿಗೈ ಒಂದು. ಮಣ್ಣಿನ ಮನೆಯ ಪಕ್ಕಕ್ಕೆ ಮಹಡಿ ಮನೆ ನಾಲ್ಕು. ಎಲ್ಲವನ್ನೂ ನಡುವೆ ಗೆರೆ ಹಾಕಿ ಸರಿಯಾಗಿ ಎರಡು ಮಾಡಿದ್ದರು.

ಮೋಕ್ಷಿತಾಳ ಚಿತ್ರದಲ್ಲಿ ಗೆರೆ ನಡುವೆ ಇರಲಿಲ್ಲ. ಎಡದಿಂದ ಏಳಡಿಗೂ ಮಿಕ್ಕಿ ಹಸಿರು ಹುಲ್ಲು. ಒತ್ತೊತ್ತಾಗಿ ಕತ್ತರಿಸಿದ, ನೀರು ಕುಡಿದ, ಬಿಸಿಲು ಬಿದ್ದ ಹುಲ್ಲು. ಅದರ ಮೇಲೆ ಒಂದೇ ಒಂದು ಬಿಳಿ ಕುರ್ಚಿ, ಖಾಲಿ. ಆಮೇಲೆ ಒಂದು ಸಿಮೆಂಟ್ ಕಂಬ. ಕಂಬದ ಆಚೆ ಏಳೂವರೆ ಇಂಚಿನ ಪಟ್ಟಿಯಲ್ಲಿ, ಮೇಲಿನಿಂದ ಕೆಳಗಿನ ತನಕ, ಇಪ್ಪತ್ತಮೂರು ಹೆಂಗಸರು. ಬುಟ್ಟಿಯಲ್ಲಿ ಬಂಗುಡೆ ಮೀನು ಜೋಡಿಸಿದ ಹಾಗೆ ಒಬ್ಬರ ಭುಜ ಇನ್ನೊಬ್ಬರ ಕೆನ್ನೆಗೆ ತಾಗಿಕೊಂಡು ನಿಂತವರು. ಪ್ರತಿಯೊಬ್ಬರದೂ ಗುರುತು ಸಿಗುವ ಮುಖ.

ಶನಿವಾರ ಸಂಜೆ ಚಿತ್ರ ತೂಗುಹಾಕುವಾಗಲೇ ರವಿಶಂಕರ್ ಸರ್ ತಲೆ ಕೆರೆದುಕೊಂಡಿದ್ದರು.

"ಕೈ ಪಳಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಮತೋಲ ಎಲ್ಲಿತ್ತ್? ಎಡಕ್ಕೆ ಅಷ್ಟು ಖಾಲಿ, ಬಲಕ್ಕೆ ಇಷ್ಟು ಗಿಜಿಗಿಜಿ. ಕಂಬವನ್ನು ನಡುವಿಗೆ ತಂದಿದ್ರೆ ಆ ಬದಿಗೆ ನಾಲ್ಕಡಿ, ಈ ಬದಿಗೆ ನಾಲ್ಕಡಿ. ಕಣ್ಣಿಗೂ ಹಿತ."

"ಅಳತೆ ಹಾಂಗಿಲ್ಲೆ ಸರ್," ಎಂದಳು ಮೋಕ್ಷಿತಾ. "ನಾನ್ ಟೇಪು ಹಿಡಿದು ಅಳೆದದ್ದು. ಮೊದಲು ನಮ್ ಮರಳು ರಸ್ತೆಯಿಂದ ತೋಡಿನ ನೀರಿನ ತನಕ ನೂರ ಎಂಬತ್ತು ಅಡಿ. ಈಗ ಬೇಲಿಯಿಂದ ತೋಡಿಗೆ ಹದಿನಾಲ್ಕು ಅಡಿ. ಎಂಟಡಿ ಹಲಗೆಗೆ ಅದು ಏಳೂವರೆ ಇಂಚೇ ಬಪ್ಪುದ್."

ಹಲಗೆಯ ಇನ್ನೊಂದು ತುದಿ ಹಿಡಿದಿದ್ದ ಸುಧೀರ್ ಸುಮ್ಮನಿರಲಿಲ್ಲ. "ಹ್ವಾಯ್ ಸರ್, ಹೊಸ ಬೋಟ್ ನೀರಿಗೆ ಇಳ್ಸಿದ ಕೂಡ್ಲೆ ಒಂದ್ ಬದಿಗೆ ವಾಲ್ತ್. ಆಗ ನಾವ್ ಮರಳ್ ಚೀಲ ಎರಡೂ ಬದಿಗೆ ಸಮ ಸಮ ಇಡುದಲ್ಲ. ಮೇಲೆ ಎದ್ದ ಬದಿಗೆ ಮಾತ್ರ ಇಡುದ್. ನೀವ್ ಹೇಳ್ದಾಂಗೆ ಅರ್ಧರ್ಧ ಇಟ್ರೆ ಬೋಟ್ ಮುಳ್ಗುದೇ."

"ಇದು ಬೋಟ್ ಅಲ್ಲ ಮಾರಾಯ, ಚಿತ್ರ," ಎಂದು ಸರ್ ನಕ್ಕರು. ಅಣ್ಣನೂ ನಕ್ಕ. ವಿಷಯ ಅಲ್ಲಿಗೆ ಮುಗಿಯಿತೆಂದು ಮೋಕ್ಷಿತಾ ತಿಳಿದಳು.

ನಡುಗರೆಯ ಮೀನು ಒಣಗಿಸುವ ಮರಳಿಗೆ ಯಾರ ಹೆಸರಿನ ಕಾಗದವೂ ಇರಲಿಲ್ಲ. ಅಲ್ಲಿ ಇದ್ದದ್ದು ಚಾಪೆ. ಅತ್ತೆ ಚಾಪೆ ಹಾಸಿದಲ್ಲಿ ಸೊಸೆ ಹಾಸುತ್ತಾಳೆ. ಚಾಪೆ ಇರುವ ತನಕ ಆ ಜಾಗ ಅವಳದು, ಎತ್ತಿದರೆ ಬಿಟ್ಟಳೆಂದು ಅರ್ಥ. ಅದಕ್ಕೇ ಮಳೆಗಾಲದಲ್ಲಿ ಕೆಲಸ ನಿಂತರೂ ಪ್ರತಿಯೊಬ್ಬಳೂ ತನ್ನ ಜಾಗದಲ್ಲಿ ಹರಕು ಚಾಪೆಯ ಒಂದು ತುಂಡನ್ನು ಕಲ್ಲಿನಡಿ ಇಟ್ಟು ಬರುತ್ತಿದ್ದಳು. ಗಾಳಿಮಳೆಗೆ ಚಾಪೆ ಕೊಳೆತರೂ ಕಲ್ಲು ಇರುತ್ತಿತ್ತು. ಎಲ್ಲರಿಗಿಂತ ಹಿರಿಯಳಾದ ಬಾಗಿ ಅಜ್ಜಿಗೆ ಈಗ ಎಪ್ಪತ್ತನಾಲ್ಕು. ಅವಳು ಮದುವೆಯಾಗಿ ಬಂದಂದಿನಿಂದ ಚಾಪೆಯ ವಿಷಯದಲ್ಲಿ ಅಲ್ಲಿ ಒಂದು ಜಗಳವೂ ಆದದ್ದಿಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ ಆ ಮರಳಿನ ಪಕ್ಕದ ಪಶ್ಚಿಮ ವಿಲಾಸದಲ್ಲಿ ಮೊದಲ ಮದುವೆ. ಮ್ಯಾನೇಜರು ಎಲೆ ಅಡಿಕೆ, ಲಗ್ನಪತ್ರಿಕೆ ಹಿಡಿದುಕೊಂಡು ಮರಳಿಗೆ ಬಂದ. ಜೊತೆಗೊಂದು ಪತ್ರವೂ ಇತ್ತು. ಆವತ್ತು ಭಾನುವಾರವಾದ್ದರಿಂದ ಮೋಕ್ಷಿತಾ ಮನೆಯಲ್ಲಿದ್ದಳು. ಪತ್ರವನ್ನು ಓದಿ ಹೇಳಿದವಳು ಅವಳೇ: 'ಶುಭಕಾರ್ಯದ ನಿಮಿತ್ತ ತಾವು ಒಂದು ದಿನದ ಮಟ್ಟಿಗೆ ಸ್ಥಳ ತೆರವು ಮಾಡಿ ಸಹಕರಿಸಬೇಕಾಗಿ ವಿನಂತಿ.' ಹೆಂಗಸರು ಬಾಗಿ ಅಜ್ಜಿಯ ಮುಖ ನೋಡಿದರು. ಅಜ್ಜಿ ಮೋಕ್ಷಿತಾಳ ಮುಖ ನೋಡಿದಳು. "ಒಂದೇ ದಿನ ಅಲ್ದಾ ಅಜ್ಜಿ," ಎಂದಿದ್ದಳು ಮೋಕ್ಷಿತಾ. "ಅಪ್ಪುದೇ," ಎಂದಳು ಅಜ್ಜಿ. "ಮದಿ ಮನಿಗೆ ಒಣಮೀನ್ ವಾಸ್ನಿ ಹೋಪುಕಾಗ. ಹೆಣ್ಣಿನ್ ಜನ್ಮದಲ್ಲಿ ಒಂದೇ ಸಲ ಬಪ್ಪು ದಿನ ಅದ್." ಕರೆದವರ ಮದುವೆಗೆ ಮರ್ಯಾದೆ ಕೊಡಬೇಕೆಂದು ಇಪ್ಪತ್ತಮೂರು ಮಂದಿಯೂ ಚಾಪೆ ಎತ್ತಿದರು. ಮಕ್ಕಳ ಕಾಲಿಗೆ ತಾಗಬಾರದೆಂದು ಕಲ್ಲುಗಳನ್ನೂ ಎತ್ತಿದರು.

ಮದುವೆಯ ಮರುದಿನ ಬೆಳಿಗ್ಗೆ ಆರು ಗಂಟೆಗೆ ಬುಟ್ಟಿ ಹೊತ್ತು ಬಂದಾಗ ಮರಳಿನಲ್ಲಿ ಸಿಮೆಂಟ್ ಕಂಬಗಳು ನಿಂತಿದ್ದವು. ತಂತಿ ಎಳೆಯುತ್ತಿದ್ದರು. ಜಾಗ ತೆರವಾಗಿತ್ತು, ತೆರವಾದ ಜಾಗಕ್ಕೆ ಬೇಲಿ ಹಾಕಿದ್ದೇವೆ ಎಂದ ಮ್ಯಾನೇಜರು. ಒಂದು ವಾರದಲ್ಲಿ ಕೆಂಪು ಮಣ್ಣು ಬಂತು, ಮೂರು ವಾರದಲ್ಲಿ ಹುಲ್ಲು. ಸರ್ವೆ ಮಾಡಿಸಿ ಎಂದು ತಾಲೂಕು ಕಚೇರಿಗೆ ಕೊಟ್ಟ ಅರ್ಜಿಗೆ ಈ ಭಾನುವಾರಕ್ಕೆ ಹನ್ನೊಂದು ತಿಂಗಳಾಗಿತ್ತು. ಈಗ ಹದಿನಾಲ್ಕಡಿಯಲ್ಲಿ ಇಪ್ಪತ್ತಮೂರು ಮಂದಿ ಸರದಿಯ ಮೇಲೆ ಮೀನು ಹಾಸುತ್ತಿದ್ದರು. ನಿನ್ನ ಸರದಿ ನನ್ನ ಸರದಿ ಎಂದು ದಿನಾ ಜಗಳ.

ಆ ಹೆಂಗಸರನ್ನೇ ಮೋಕ್ಷಿತಾ ಮೂರು ತಿಂಗಳು, ಭಾನುವಾರಕ್ಕೆ ಇಬ್ಬರಂತೆ ಕೂರಿಸಿಕೊಂಡು ಬರೆದಿದ್ದಳು. ಅಂದು ಪತ್ರ ಓದಿ ಹೇಳಿದ ಬಾಯಿಗೆ ಅದು ಪ್ರಾಯಶ್ಚಿತ್ತ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಹತ್ತು ಇಪ್ಪತ್ತಕ್ಕೆ ಹನ್ನೊಂದು ಹೆಂಗಸರು ಸಭಾಭವನದ ಮೆಟ್ಟಿಲು ಹತ್ತಿದರು. ಉಳಿದ ಹನ್ನೆರಡು ಮಂದಿ ಚಾಪೆ ಕಾಯಲು ಊರಿನಲ್ಲೇ ನಿಂತಿದ್ದರು. ಆ ಮದುವೆಯ ನಂತರ ನಡುಗರೆಯ ಹೆಂಗಸರು ಎಲ್ಲರೂ ಒಟ್ಟಿಗೆ ಮರಳು ಬಿಟ್ಟು ಹೋದದ್ದಿಲ್ಲ. ಬಂದವರು ಒಳ್ಳೆಯ ಸೀರೆ ಉಟ್ಟಿದ್ದರು, ಅಬ್ಬಲಿಗೆ ಮುಡಿದಿದ್ದರು. ಬಾಗಿ ಅಜ್ಜಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಲಗಾಲು ಮುಂದಿಟ್ಟು ಒಳಗೆ ಬಂದಳು.

"ಬನಿ ಬನಿ, ಕೂಕಣಿ," ಎಂದು ರವಿಶಂಕರ್ ಸರ್ ಎದುರು ಬಂದರು. ಅವರ ಕಣ್ಣು ಮಾತ್ರ ಮೋಕ್ಷಿತಾಳ ಮೇಲಿತ್ತು.

ಹೆಂಗಸರು ಕೂರಲಿಲ್ಲ. ಹುಲ್ಲಿನ ಚಿತ್ರದ ಮುಂದೆ ಹೋಗಿ ಸಾಲಾಗಿ ನಿಂತರು. ಸರೋಜ ಎಂಬವಳು ಕನ್ನಡಕ ಒರೆಸಿ ಹಾಕಿಕೊಂಡಳು.

"ನಮ್ ಬದಿ ಎಲ್ಲಿತ್ತ್ ಹೆಣೆ?" ಬಾಗಿ ಅಜ್ಜಿ ಕೇಳಿದಳು. "ಇದ್ ಬರೀ ಅವ್ರ ಹುಲ್ಲಲ್ದಾ?"

ಜಲಜ ಮುಂದೆ ಹೋದಳು. ಸ್ಟ್ಯಾಂಡಿನ ಹಿಂದೆ ಬಗ್ಗಿ ನೋಡಿದಳು. ಅಲ್ಲಿ ಗೋಡೆ ಮತ್ತು ಫ್ಲೆಕ್ಸಿನ ನಡುವಿನ ನೆರಳಿನಲ್ಲಿ ಅವಳ ಮುಖವೇ ಅವಳಿಗೆ ಕಂಡಿತು. ಹಿಂತಿರುಗಿ ಮಗಳನ್ನು ನೋಡಿದಳು.

"ಎಂತ ಇದ್?"

"ಒಂದ್ ಗಂಟೆ ಮಟ್ಟಿಗೆ ಅಬ್ಬಿ," ಎಂದಳು ಮೋಕ್ಷಿತಾ. ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅವಳಿಗೆ ಅದನ್ನು ಎಲ್ಲಿ ಕೇಳಿದ್ದು ಎಂಬುದು ನೆನಪಾಯಿತು. ಕೇಳಿದ್ದಲ್ಲ, ಓದಿದ್ದು. ತಾನೇ, ಗಟ್ಟಿಯಾಗಿ.

ಬಾಗಿ ಅಜ್ಜಿ ನಕ್ಕಳು. ಹಲ್ಲಿಲ್ಲದ ಬಾಯಿಯ ಆ ನಗೆಯಲ್ಲಿ ಗೇಲಿಯೇ ಹೆಚ್ಚಿತ್ತು. "ಒಂದ್ ಗಂಟೆಯಾ! ನಮ್ಗ್ ಒಂದ್ ದಿನ ಅಂದಿದ್ರ್. ಓದದ್ ಹೆಣ್ಮಕ್ಕಳ್ನ ಮರುಳ್ ಮಾಡುಕೆ ದಿನ ಬೇಕಾಯ್ತ್, ಓದಿದವ್ಳಿಗೆ ಗಂಟೆ ಸಾಕಾಯ್ತ್ ಅಲ್ದಾ?"

ಮೋಕ್ಷಿತಾಗೆ ಮೊದಲು ಸಿಟ್ಟು ಬಂದದ್ದು ತನ್ನ ಮೇಲೆ, ಆಮೇಲೆ ಆ ಕೈಮುಗಿದ ಹುಡುಗಿಯ ಮೇಲೆ, ಆಮೇಲೆ ಕೇಳಿದವರ ಮೇಲೆ. ಎಷ್ಟು ಮರ್ಯಾದೆಯಿಂದ ಕೇಳುತ್ತಾರೆ ಇವರು! ಎಲೆ ಅಡಿಕೆ ಹಿಡಿದು ಕೇಳುತ್ತಾರೆ, 'ಮಾರಾಯ್ತಿ' ಎಂದು ಕೇಳುತ್ತಾರೆ. ಜಬರ್ದಸ್ತಿಯಿಂದ ಕೇಳಿದ್ದರೆ ಇಪ್ಪತ್ತಮೂರು ಮಂದಿಯಲ್ಲಿ ಒಬ್ಬಳಾದರೂ ಎತ್ತುತ್ತಿದ್ದಳೇ ಚಾಪೆ? ಮರ್ಯಾದಸ್ಥರ ಮರ್ಯಾದೆಯನ್ನೇ ಹಿಡಿದು ಅವರನ್ನು ಮರಳಿನಿಂದ ಎಬ್ಬಿಸಿದ್ದರು.

ಅವಳು ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಎತ್ತಿ ತಂದು ಕುರ್ಚಿಗಳ ಹಿಂದೆ, ನೀರಿನ ಕ್ಯಾನಿನ ಪಕ್ಕ ಇಟ್ಟಳು.

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. "ಅಯ್ಯೋ, ನಂಗೆ ಮೂಗ್ ಇಷ್ಟ್ ದೊಡ್ಡದಿತ್ತಾ?" "ಇದ್ದದ್ದೇ ಬರ್ದಿದ್ಲ್ ಬಿಡ್." "ಜಲಜಕ್ಕ ನನ್ನ ಮೆಟ್ಕಂಡೇ ನಿಂತಿದ್ರ್ ಕಾಣ್." "ಮರಳಂಗೂ ಹಾಂಗೇ ಅಲ್ದಾ?" ಬಾಗಿ ಅಜ್ಜಿ ತನ್ನ ಮುಖವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬಣ್ಣ ಒಣಗಿತ್ತು.

"ಮೋಕ್ಷಿತಾ," ರವಿಶಂಕರ್ ಸರ್ ಅವಳನ್ನು ಪಕ್ಕಕ್ಕೆ ಕರೆದರು. ಧ್ವನಿ ಇಳಿದಿತ್ತು. "ನೀನ್ ಒಪ್ಪಿದ್ದು. ಮಾತ್ ಕೊಟ್ಟದ್ದು."

"ಹೌದ್ ಸರ್. ತಪ್ಪಾಯ್ತ್. ವಾಪಸ್ ತಕಂಡೆ."

"ಇನ್ನು ಹತ್ತೊಂಬತ್ತು ಚಿತ್ರ ಇತ್ತ್ ಇಲ್ಲಿ. ಅವರೂ ಕಷ್ಟಪಟ್ಟವರೇ. ನಿನ್ನ ಒಬ್ಬಳಿಗಾಗಿ..."

"ನಂದೂ ಸೇರಿ ಹತ್ತೊಂಬತ್ತು ಸರ್," ಎಂದಳು ಅವಳು. "ಅದ್ರಲ್ಲಿ ಮರೆ ಮಾಡ್ಕ್ ಅಂದದ್ದು ಒಂದನ್ನೇ."

ಹತ್ತು ಐವತ್ತಕ್ಕೆ ಶಾಮರಾಯರು ಮ್ಯಾನೇಜರನ ಜೊತೆ ಬಂದರು. ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಊರಿಗೆ ಮರಳಿದವರು. ಬಿಳಿ ಅಂಗಿ, ಬಿಳಿ ಪಂಚೆ, ಮಿತವಾದ ನಗು. ದೀಪದ ಕಡೆಗೆ ಹೋಗುವವರು ದಾರಿಯಲ್ಲಿ ಹಸಿರು ಕಂಡು ನಿಂತರು.

"ಅರೆ! ಇದು ನಮ್ಮ ಲಾನ್. ಏಕ್‌ದಮ್ ಹಾಗೇ ಇದೆ. ಯಾರು ಬರೆದದ್ದು? ಇದನ್ನು ನಮ್ಮ ಲಾಬಿಗೆ..." ಎನ್ನುತ್ತಾ ಬಲಕ್ಕೆ ಹೆಜ್ಜೆ ಇಟ್ಟರು. ಮಾತು ಅಲ್ಲಿಗೆ ನಿಂತಿತು. ಪಟ್ಟಿಯಲ್ಲಿದ್ದ ಮುಖಗಳನ್ನು ನೋಡಿದರು. ಪಕ್ಕದಲ್ಲಿ ಅವೇ ಮುಖಗಳು ಅಬ್ಬಲಿಗೆ ಮುಡಿದು ನಿಂತಿದ್ದವು.

ಅವರು ರೇಗಲಿಲ್ಲ. ಬಹಳ ಸಮಾಧಾನದಿಂದ ಮಾತಾಡಿದರು. "ನೋಡಮ್ಮ, ಕಲಾವಿದರಿಗೆ ಸ್ವಾತಂತ್ರ್ಯ ಬೇಕು, ಒಪ್ಪುತ್ತೇನೆ. ಆದರೆ ನಿಮ್ಮ ವಿಷಯ ಸಮತೋಲ ಅಲ್ಲವೇ? ನೂರು ಮಂದಿಗೆ ಕೆಲಸ ಕೊಟ್ಟಿದ್ದೇನೆ. ಅದನ್ನೂ ತೋರಿಸಬೇಕಲ್ಲ? ಒಂದೇ ಬದಿ ತೋರಿಸಿದರೆ ಅದು ಸುಳ್ಳಾಗುತ್ತದೆ."

"ನಡುಗರೆಯವರು ಎಷ್ಟು ಜನ ಸರ್ ಆ ನೂರರಲ್ಲಿ?" ಮೋಕ್ಷಿತಾ ಕೇಳಿದಳು.

ಶಾಮರಾಯರು ಮ್ಯಾನೇಜರನ ಕಡೆ ತಿರುಗಿದರು.

"ನಾಲ್ಕ್," ಎಂದಳು ಜಲಜ. "ಇಬ್ರ್ ಪಾತ್ರ ತೊಳುಕೆ, ಇಬ್ರ್ ಆ ಹುಲ್ಲಿಗೆ ನೀರ್ ಬಿಡುಕೆ. ಹುಲ್ಲಿನ ಅಡಿಗೆ ನಮ್ ಮರಳ್ ಇತ್ತ್, ಅದ್ ಎಷ್ಟ್ ನೀರ್ ಬಿಟ್ರೂ ಕುಡೀತ್."

"ಸರ್, ಒಂದು ಸಲಹೆ," ಮ್ಯಾನೇಜರು ನಡುವೆ ಬಂದ. "ಆ ತುದಿ ಏಳೆಂಟು ಇಂಚು ಕತ್ತರಿಸಿ ಕೊಟ್ಟರೆ ಉಳಿದದ್ದನ್ನು ನಾವು ತೆಗೆದುಕೊಳ್ಳಬಹುದು. ಮೇಡಂಗೂ ನಷ್ಟ ಇಲ್ಲ."

ಬಾಗಿ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹ್ವಾಯ್ ಮರಾಯ, ಕತ್ತರ್ಸುದಾರೆ ಖಾಲಿ ಬದಿ ಕತ್ತರ್ಸ್. ಅಲ್ಲಿ ಯಾರೂ ಇಲ್ಯಲೆ. ಯಾರಿಗೂ ನೋವಾತಿಲ್ಲೆ."

ಹಿಂದಿನ ಸಾಲಿನಲ್ಲಿ ಕೂತಿದ್ದ, ಮಹಡಿ ಮನೆ ಬರೆದ ಚಿತ್ರಕಾರನೊಬ್ಬ ಕಿಸಕ್ಕನೆ ನಕ್ಕ, ಆಮೇಲೆ ಕೆಮ್ಮಿದ. ಶಾಮರಾಯರು ವಾಚು ನೋಡಿಕೊಂಡರು. "ರವಿಶಂಕರರೇ, ನೀವು ಇದನ್ನು ಸರಿಮಾಡಿ. ನಾನು ಹತ್ತು ನಿಮಿಷ ಕಾರಿನಲ್ಲಿರುತ್ತೇನೆ," ಎಂದು ಹೊರಗೆ ನಡೆದರು.

ರವಿಶಂಕರ್ ಸರ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಅವರು ಕೆಟ್ಟವರಲ್ಲ ಎಂದು ಮೋಕ್ಷಿತಾಗೆ ಗೊತ್ತು. ಅದರಿಂದ ಅವಳ ಸಿಟ್ಟು ಹೆಚ್ಚಿತೇ ವಿನಾ ಇಳಿಯಲಿಲ್ಲ. ಹತ್ತು ವರ್ಷದ ಹಿಂದೆ ಕಪ್ಪು ಹಲಗೆಯ ಮೇಲೆ ತಕ್ಕಡಿ ಬರೆದು, 'ಒಂದು ಬದಿಯಲ್ಲಿ ದೊಡ್ಡ ಖಾಲಿ, ಇನ್ನೊಂದು ಬದಿಯಲ್ಲಿ ಸಣ್ಣ ಭಾರ, ಇದೂ ಸಮತೋಲವೇ' ಎಂದು ಕಲಿಸಿದವರು ಇವರೇ.

"ಒಂದಾ ಸ್ಟ್ಯಾಂಡ್ ಅಲ್ಲಿಗೆ ಬರ್ಲಿ, ಇಲ್ಲಾ ಚಿತ್ರ ಕೆಳಗೆ ಇಳೀಲಿ," ಎಂದರು ಅವರು. "ನಂಗೆ ಬೇರೆ ದಾರಿ ಇಲ್ಲೆ ಮಗಾ."

"ನೀವ್ ಕಲ್ಸಿದ್ದನ್ನೇ ಬರ್ದದ್ದು ಸರ್," ಎಂದಳು ಅವಳು. "ಮರೆ ಮಾಡುಕೆ ಕಲ್ಸಿರ್ಲಿಲ್ಲ ನೀವ್."

ಅವಳು ಕುರ್ಚಿ ಹತ್ತಿ ಕೊಕ್ಕೆ ಬಿಚ್ಚಿದಳು. ಹಲಗೆ ಕೆಳಗಿಳಿಯುವ ಮೊದಲೇ ಎಂಟು ಕೈಗಳು ಅದಕ್ಕೆ ಒದಗಿದವು. ಜಲಜ ಸೆರಗಿನ ತುದಿಯನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡಳು. ಬೇರೆ ಮೂವರೂ ಹಾಗೇ ಮಾಡಿದರು. ಬುಟ್ಟಿ ಹೊತ್ತ ತಲೆಗಳಿಗೆ ಅದು ಭಾರವೇನೂ ಆಗಿರಲಿಲ್ಲ. ನಾಲ್ಕು ತಲೆಗಳ ಮೇಲೆ ಚಿತ್ರ ಬಾನಿಗೆ ಮುಖ ಮಾಡಿ ಮೆಟ್ಟಿಲಿಳಿಯಿತು. ಶಾಮರಾಯರ ಕಾರಿನ ಗಾಜು ಮೇಲೆ ಹೋಯಿತು.

"ಎಲ್ಲಿಗೆ ಹೋಪುದ್ ಈಗ?" ಟೆಂಪೋ ತಂದ ಸುಧೀರ್ ಕೇಳಿದ.

ಮೋಕ್ಷಿತಾ ಉತ್ತರ ಹೇಳುವ ಮೊದಲು ಬಾಗಿ ಅಜ್ಜಿಯೇ ಹೇಳಿದಳು. "ಎಲ್ಲಿಂದ್ ಎಬ್ಸಿದ್ರೋ ಅಲ್ಲಿಗೆ."

ಆ ಮಧ್ಯಾಹ್ನ ಒಂದೂವರೆಗೆ ನಡುಗರೆಯಲ್ಲಿ, ಪಶ್ಚಿಮ ವಿಲಾಸದ ರಸ್ತೆ ಬದಿಯ ಬೇಲಿಯ ಎರಡು ಕಂಬಗಳಿಗೆ ಬಲೆಯ ಹಗ್ಗದಿಂದ ಆ ಹಲಗೆಯನ್ನು ಕಟ್ಟಲಾಯಿತು. ಚಿತ್ರದ ಮುಖ ರಸ್ತೆಯ ಕಡೆಗೆ. ಗಂಟು ಹಾಕಿದವನು ಸುಧೀರ್. ಬೋಟು ಕಟ್ಟುವವರ ಗಂಟು ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಹಿಂದೆ ನಿಜವಾದ ಹುಲ್ಲು, ಮುಂದೆ ಬರೆದ ಹುಲ್ಲು. ಬೀಚಿಗೆ ಬಂದವರು ಕಾರು ನಿಲ್ಲಿಸಿ ಮೊದಲು ನಗುತ್ತಿದ್ದರು, ಹತ್ತಿರ ಬಂದು ತುದಿಯ ಪಟ್ಟಿ ನೋಡುತ್ತಿದ್ದರು, ಆಮೇಲೆ ತೋಡಿನ ಬದಿಯ ಹದಿನಾಲ್ಕಡಿಯ ಕಡೆಗೆ ಕತ್ತು ತಿರುಗಿಸುತ್ತಿದ್ದರು. ಅಲ್ಲಿ ಹೆಂಗಸರು ಮೀನು ಮಗುಚುತ್ತಿದ್ದರು.

ಅಷ್ಟರಲ್ಲಿ ಕುಂದಾಪುರದಲ್ಲಿ ಪ್ರದರ್ಶನ ಹನ್ನೊಂದೂಕಾಲಿಗೇ ಉದ್ಘಾಟನೆಯಾಗಿತ್ತು. ಗೋಡೆಯ ಮೇಲೆ ಹದಿನೆಂಟು ಚಿತ್ರಗಳಿದ್ದವು. ಖಾಲಿಯಾದ ಜಾಗದಲ್ಲಿ ಫ್ಲೆಕ್ಸ್ ಸ್ಟ್ಯಾಂಡ್ ಇಡಲಾಗಿತ್ತು.

ಬುಧವಾರ ಮೋಕ್ಷಿತಾಳ ಹೆಸರಿಗೆ ಪಂಚಾಯತಿಯಿಂದ ನೋಟಿಸು ಬಂತು. ಅನುಮತಿಯಿಲ್ಲದೆ ರಸ್ತೆ ಬದಿಯಲ್ಲಿ ಜಾಹೀರಾತು ಫಲಕ ಅಳವಡಿಸಿದ್ದು ಕಂಡುಬಂದಿದ್ದು, ಏಳು ದಿನಗಳೊಳಗೆ ತೆರವು ಮಾಡಬೇಕೆಂದು ಅದರಲ್ಲಿತ್ತು. ಫಲಕ ಕಟ್ಟಿ ಮೂರು ದಿನವಾಗಿತ್ತು. ಬೇಲಿಯ ವಿರುದ್ಧ ಕೊಟ್ಟ ಅರ್ಜಿಗೆ ಆವತ್ತಿಗೂ ಉತ್ತರ ಬಂದಿರಲಿಲ್ಲ. ಮೋಕ್ಷಿತಾ ನೋಟಿಸನ್ನು ಮರಳಿನ ಮೇಲೆ ನಿಂತು ಗಟ್ಟಿಯಾಗಿ ಓದಿ ಹೇಳಿದಳು. ಈ ಸಲ 'ತೆರವು' ಎಂಬಲ್ಲಿ ನಿಂತು, "ಇದ್ರ ಅರ್ಥ ಎಂತ ಅಂದ್ರೆ, ಎತ್ತಿರೆ ಮುಗೀತ್," ಎಂದಳು. ಬಾಗಿ ಅಜ್ಜಿ ತಲೆಯಾಡಿಸಿದಳು.

ಶುಕ್ರವಾರ ಬೆಳಿಗ್ಗೆ ಆರೂಕಾಲಿಗೆ ರೆಸಾರ್ಟಿನ ಕಾವಲುಗಾರ ಸುತ್ತು ಹಾಕಲು ಬಂದಾಗ, ಬೇಲಿಯ ಒಳಗೆ, ಹುಲ್ಲಿನ ಮೇಲೆ, ಹರಕು ಚಾಪೆಯ ತುಂಡುಗಳು ಬಿದ್ದಿದ್ದವು. ಪ್ರತಿಯೊಂದರ ಮೇಲೂ ಒಂದೊಂದು ಕಲ್ಲಿತ್ತು. ಅವನು ಎಣಿಸಿದ. ಇಪ್ಪತ್ತಮೂರು ಇದ್ದವು.